ನಡೆಯೋ ಮುಂಚೆ ನಾಲ್ಕು ಮಾತು



ಸಂಕ್ರಾಂತಿ ಮುಗೀತು. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವ. ಪರಶುರಾಂಪುರದಿಂದ ಚಳ್ಳಕೆರೆ ಮೇಲೆ ನಡೆದರೆ ಸುಮಾರು 50 ಕಿಲೋಮೀಟರ್, ಎರಡು ದಿನದ ದಾರಿ. ಹೋದ ಸಲ ನಾವು ಹನ್ನೊಂದು ಜನ ಹೊರಟು ಏಳೇ ಜನ ಮುಟ್ಟಿದೆವು. ಭಕ್ತಿ ಕಡಿಮೆಯಾಗಿ ಅಲ್ಲ. ಹೊಸ ಚಪ್ಪಲಿ ಕಚ್ಚಿ ಇಬ್ಬರ ಅಂಗಾಲೆಲ್ಲ ಬೊಬ್ಬೆ. ಇನ್ನಿಬ್ಬರು ತಲೆಸುತ್ತಿ ಕೂತರು, ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ಯಾಕೆ ಅಂದರೆ, ದಾರೀಲಿ ಮೂತ್ರಕ್ಕೆ ಹೋಗೋಕೆ ಮರೆ ಎಲ್ಲಿ ಎಂಬ ಸಂಕೋಚ!

ಈ ಮಾತು ಆಡೋಕೆ ನಾಚಿಕೆ ಬೇಡ. ಗಂಡಸರು ಇದನ್ನು ಯೋಚಿಸುವುದಿಲ್ಲ, ನಾವೇ ಯೋಚಿಸಬೇಕು. ಇಬ್ಬರು ಮೊದಲೇ ಬಸ್ಸಿನಲ್ಲಿ ಹೋಗಿ ಶೌಚಾಲಯ ಎಲ್ಲಿದೆ, ರಾತ್ರಿ ಎಲ್ಲಿ ತಂಗೋದು ಅಂತ ಕೇಳಿಕೊಂಡು ಬರಲಿ. ನಸುಕಿಗೇ ಹೊರಟು, ಬಿಸಿಲೇರಿದ ಮೇಲೆ ನೆರಳಿಗೆ ಕೂರೋಣ. ಉಪ್ಪು ಹಾಕಿದ ಮಜ್ಜಿಗೆ ಇರಲಿ. ಬಿಪಿ, ಶುಗರ್ ಇರುವವರು ಡಾಕ್ಟರನ್ನು ಕೇಳಿಯೇ ಹೆಸರು ಕೊಡಿ.

ಸ್ಪೇನ್ ದೇಶದಲ್ಲಿ ಸಂತಿಯಾಗೊ ಎಂಬ ಊರಿಗೆ, ಸಂತ ಯಾಕೋಬರ ಸಮಾಧಿಗೆ, ಜನ ಸುಮಾರು 800 ಕಿಲೋಮೀಟರ್ ನಡೆಯುತ್ತಾರೆ. ದಾರಿಯುದ್ದಕ್ಕೂ ತಂಗುಮನೆಗಳಿವೆ. ಆದರೂ ತಿಂಗಳುಗಟ್ಟಲೆ ನಡೆದು ಅಭ್ಯಾಸ ಮಾಡಿ, ಗಂಟನ್ನು ಹಗುರ ಮಾಡಿಕೊಂಡೇ ಹೊರಡುತ್ತಾರಂತೆ. ನಾವೋ, ರೊಟ್ಟಿ ಬುತ್ತಿ ಜೊತೆ ನಾಲ್ಕು ಸೀರೆ ಹೊತ್ತಿದ್ದೆವು!

ಖರ್ಚಿಗೆ ಸಂಘದ ಸಾಲ ಕೇಳಬೇಡಿ, ಅದು ಬೀಜಕ್ಕೆ, ಎಮ್ಮೆಗೆ ಇರಲಿ. ವಾರಕ್ಕೆ 20 ರೂಪಾಯಿ ಬೇರೆ ಡಬ್ಬಿಗೆ ಹಾಕೋಣ.

ಸೋಮವಾರ ಬೆಳಿಗ್ಗೆ ಐದಕ್ಕೆ ಚಳ್ಳಕೆರೆ ರಸ್ತೆಯಲ್ಲಿ ಮೊದಲ ನಡಿಗೆ. ಹಳೇ ಚಪ್ಪಲಿನೇ ಹಾಕ್ಕೊಂಡು ಬನ್ನಿ.