ತಾರೀಖು ಗೊತ್ತು, ವಾರ ಯಾವುದು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೇ ತರಗತಿಯಲ್ಲಿ ನಾನು ಮಾನಿಟರ್. ಪ್ರಾರ್ಥನೆ ಮುಗಿದ ಕೂಡಲೇ ಕಪ್ಪು ಹಲಗೆಯ ಮೂಲೆಯಲ್ಲಿ ತಾರೀಖು, ವಾರ, ಹಾಜರಾತಿ ಬರೆಯುವುದು ನನ್ನ ಕೆಲಸ. ಒಮ್ಮೆ ಮಂಗಳವಾರದ ದಿನ ಬುಧವಾರ ಎಂದು ಬರೆದಿದ್ದೆ. ಗಣಿತದ ಮೇಷ್ಟ್ರು, "ನಿನ್ನೆ ಸೋಮವಾರ ಆಗಿದ್ದರೆ ಇವತ್ತು ಬುಧವಾರ ಹೇಗಾಯಿತೋ? ಉತ್ತರ ಬರೆದ ಮೇಲೆ ತಾಳೆ ನೋಡು" ಎಂದರು. ಇಡೀ ತರಗತಿ ನಕ್ಕಿತು.

ಮಕ್ಕಳೇ, ತಾರೀಖು ಕೊಟ್ಟರೆ ಕಂಪ್ಯೂಟರ್ ವಾರವನ್ನು ಹೇಗೆ ಹೇಳುತ್ತದೆ? ನಿಮಗೆ ಗೊತ್ತಿರುವ ಭಾಗಾಕಾರದಿಂದಲೇ. 365 ದಿನ ಎಂದರೆ 52 ವಾರ ಮತ್ತು ಒಂದು ದಿನ. ಹಾಗಾಗಿ ಅದೇ ತಾರೀಖು ಪ್ರತಿ ವರ್ಷ ಒಂದು ದಿನ ಮುಂದೆ ಸರಿಯುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. 1900 ಅಧಿಕ ವರ್ಷವಲ್ಲ, 2000 ಅಧಿಕ ವರ್ಷ. ಆದ್ದರಿಂದ 100 ಮತ್ತು 400ರ ಲೆಕ್ಕವೂ ಬೇಕು.

ನಮ್ಮ ರಾಜ್ಯ ಉದಯವಾದ 1956ರ ನವೆಂಬರ್ 1ನ್ನೇ ತೆಗೆದುಕೊಳ್ಳೋಣ. 1956ಕ್ಕೆ ಅದನ್ನು 4ರಿಂದ ಭಾಗಿಸಿದ 489 ಕೂಡಿಸಿ. 100ರಿಂದ ಭಾಗಿಸಿದಾಗ ಬರುವ 19 ಕಳೆಯಿರಿ. 400ರಿಂದ ಭಾಗಿಸಿದಾಗ ಬರುವ 4 ಕೂಡಿಸಿ. ಶೇಷಗಳನ್ನು ಬಿಟ್ಟುಬಿಡಿ. ಪ್ರತಿ ತಿಂಗಳಿಗೂ ಒಂದು ಅಂಕಿ ಇದೆ. ಜನವರಿಯಿಂದ ಕ್ರಮವಾಗಿ 0, 3, 2, 5, 0, 3, 5, 1, 4, 6, 2, 4. ನವೆಂಬರಿನ 2, ತಾರೀಖಿನ 1 ಸೇರಿಸಿದರೆ ಒಟ್ಟು 2433. ಅದನ್ನು 7ರಿಂದ ಭಾಗಿಸಿದರೆ ಶೇಷ 4. ಭಾನುವಾರವನ್ನು 0 ಎಂದು ಎಣಿಸಿದರೆ 4 ಗುರುವಾರ. ಅಂದು ಗುರುವಾರವೇ ಆಗಿತ್ತು.

ಒಂದು ಷರತ್ತಿದೆ. ಅಧಿಕ ದಿನ ಬರುವುದು ಫೆಬ್ರವರಿಯ ಕೊನೆಗೆ. ಆದ್ದರಿಂದ ಜನವರಿ, ಫೆಬ್ರವರಿಯ ತಾರೀಖುಗಳಿಗೆ ಮಾತ್ರ ವರ್ಷದಲ್ಲಿ ಒಂದು ಕಳೆದು ಲೆಕ್ಕ ಶುರು ಮಾಡಬೇಕು.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾವಲುಗಾರರ ಪಾಳಿ ಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆದೆ. ಈ ಲೆಕ್ಕಕ್ಕೆ ಸಿದ್ಧ ಫಂಕ್ಷನ್ ಇದ್ದರೂ ನಾನೇ ಬರೆಯುತ್ತೇನೆಂಬ ಹುಮ್ಮಸ್ಸು. ಆಗಸ್ಟ್‌ನಲ್ಲಿ ಪರೀಕ್ಷಿಸಿದೆ, ಎಲ್ಲವೂ ಸರಿ. ಆದರೆ ಆ ಒಂದನ್ನು ಕಳೆಯುವುದು ಮರೆತಿದ್ದೆ. ಜನವರಿ ಬಂತು. ಪ್ರೋಗ್ರಾಂ ಶನಿವಾರವನ್ನು ಭಾನುವಾರ ಎಂದಿತು, ಭಾನುವಾರವನ್ನು ಸೋಮವಾರ ಎಂದಿತು. ಮಗಳ ನಾಮಕರಣಕ್ಕೆಂದು ಭಾನುವಾರದ ರಜೆಯನ್ನೇ ನಂಬಿದ್ದ ಒಬ್ಬರು ಅಂದು ಗೇಟಿನಲ್ಲಿ ನಿಂತಿದ್ದರು. ಕ್ಷಮೆ ಕೇಳಲು ಹೋದೆ. "ಬಿಡಿ ಸಾರ್, ಕಂಪ್ಯೂಟರ್ ತಪ್ಪು ಮಾಡಿತು" ಎಂದರು. ಅಲ್ಲ, ತಪ್ಪು ನನ್ನದು ಎಂದೆ. ಆದರೆ ಹೋದ ದಿನವನ್ನು ಹಿಂದಕ್ಕೆ ಕೊಡುವ ಪ್ರೋಗ್ರಾಂ ನನ್ನ ಹತ್ತಿರ ಇರಲಿಲ್ಲ.

ಅಂದಿನಿಂದ ಜನವರಿ 1, ಫೆಬ್ರವರಿ 29, ಮಾರ್ಚ್ 1 ಇವುಗಳನ್ನು ಪರೀಕ್ಷಿಸದೆ ತಾರೀಖಿನ ಯಾವ ಕೆಲಸವನ್ನೂ ಮುಗಿಯಿತು ಎನ್ನುವುದಿಲ್ಲ. ಇದು ಕಾಲೇಜಿನಲ್ಲಿ ಕಲಿತದ್ದಲ್ಲ, ಇದೇ ಶಾಲೆಯ ಹಲಗೆಯ ಮುಂದೆ ಕಲಿತದ್ದು.

ಮಕ್ಕಳಿಗೊಂದು ಮನೆಗೆಲಸ: 1950ರ ಜನವರಿ 26 ಯಾವ ವಾರ? ಒಂದು ಕಳೆಯುವುದನ್ನು ಮರೆಯಬೇಡಿ. ಉತ್ತರ ಬಂದ ಮೇಲೆ ತಾಳೆ ನೋಡಿ.