ಒಳಗಿಂದ ಒಬ್ಬರು ಹೂಂ ಅನ್ನಬೇಕು

ಕುಂದಾಣದಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಸ್ವಲ್ಪ ದೂರದಲ್ಲೇ ದೇವನಹಳ್ಳಿ. ಬೆನ್ನ ಹಿಂದೆ, ಪಶ್ಚಿಮಕ್ಕೆ, ದೊಡ್ಡಬಳ್ಳಾಪುರ. ಈ ಎರಡೂ ಊರುಗಳನ್ನು ಬೆಸೆಯುವ ಕಥೆಯೊಂದಿದೆ. ಎಷ್ಟೋ ವರ್ಷಗಳಿಂದ ಅದನ್ನು ಓದುತ್ತಾ, ಸಿಕ್ಕಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಏನೂ ಇಲ್ಲದವರು ದೊಡ್ಡವರ ಸಾಲಿನಲ್ಲಿ ಕೂತದ್ದು ಹೇಗೆ ಅನ್ನುವ ಚರಿತ್ರೆ ಬೇಕಾದರೆ ನಾವು ಈ ಸೀಮೆ ಬಿಟ್ಟು ಆಚೆ ಹೋಗಬೇಕಾದ್ದೇ ಇಲ್ಲ.

ಮೊದಲು ಆವತಿಯ ಮಾತು. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಹೆದ್ದಾರಿ ಹಿಡಿದರೆ ಆವತಿ ಸಿಗುತ್ತದೆ. ಕಂಚಿಯ ಕಡೆಯ ಪ್ರಭುವೊಬ್ಬ ಮನೆಯ ಹೆಣ್ಣುಮಗಳನ್ನು ತನಗೆ ಕೊಡಿ ಅಂತ ಪಟ್ಟು ಹಿಡಿದನಂತೆ. ಕೊಡಲಾರದ ಏಳು ಮಂದಿ ಒಕ್ಕಲಿಗರು ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು, ಪಾಲಾರು ದಾಟಿ, ಇಲ್ಲಿನ ಬೆಟ್ಟದ ತಪ್ಪಲಲ್ಲಿ ಬಂದು ಇಳಿದರಂತೆ. ಅವರ ಮುಂದಾಳು ರಣಭೈರೇಗೌಡ. ಅವನ ವಂಶದ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಗೆ ಮಣ್ಣಿನ ಕೋಟೆ ಕಟ್ಟಿಸಿದ. ಉಟ್ಟ ಬಟ್ಟೆಯಲ್ಲಿ ಬಂದವರ ಸಂತತಿ ನಾಡಪ್ರಭುಗಳಾಯಿತು. ಮೈಬೆವರು, ನೆಲ, ತೋಳ್ಬಲ ಎಲ್ಲ ಸರಿ, ಆದರೆ ವಿಜಯನಗರದವರು ಒಪ್ಪದೆ ಇಲ್ಲಿ ಯಾರೂ ಪ್ರಭು ಆಗುವ ಹಾಗಿರಲಿಲ್ಲ. ಒಳಗಿದ್ದವರು ಹೂಂ ಅನ್ನಬೇಕಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಈಗ ನನ್ನ ಕಥಾನಾಯಕನ ಹತ್ತಿರ ಬರುತ್ತೇನೆ. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದ ಹುಡುಗ. ತಂದೆ ಫತ್ ಮಹಮ್ಮದ್ ಶಿರಾದ ಸುಬೇದಾರರ ಕೈಕೆಳಗಿನ ಅಧಿಕಾರಿ. ಸುಬೇದಾರರ ನಡುವಿನ ಒಂದು ಕಾಳಗದಲ್ಲಿ ತಂದೆ ಸತ್ತ. ಹೆಂಡತಿ ಮಕ್ಕಳು ಆಗ ದೊಡ್ಡಬಳ್ಳಾಪುರದಲ್ಲಿದ್ದರು. ಊರಿನ ಒಡೆತನ ಅಬ್ಬಾಸ್ ಖುಲಿ ಖಾನನ ಕೈಲಿ. ನಿನ್ನ ಗಂಡನಿಂದ ನಮಗೆ ಬಾಕಿ ಬರಬೇಕು ಅಂತ ಅವನು ವಿಧವೆಯ ಕುತ್ತಿಗೆಗೆ ಕೂತ. ಅವಳ ಹತ್ತಿರ ಏನಿದೆ ಕೊಡೋದಕ್ಕೆ? ಆಗ ಅವನು ಇಬ್ಬರು ಗಂಡುಮಕ್ಕಳನ್ನು ಎಳೆದುಕೊಂಡು ಹೋಗಿ ನಗಾರಿಯೊಳಗೆ ತುರುಕಿದ. ಮೇಲಿನಿಂದ ಚರ್ಮ ಹಾಕಿ ಬಿಗಿಸಿದ. ಕೋಲಿನಿಂದ ಬಾರಿಸಿದ.

ಒಂದು ಗಳಿಗೆ ಯೋಚನೆ ಮಾಡಿ. ದೇವಸ್ಥಾನದ ನಗಾರಿಯ ಪಕ್ಕದಲ್ಲಿ ನಿಂತರೇ ಎದೆ ನಡುಗುತ್ತದೆ. ಒಳಗೆ, ಕತ್ತಲಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಚಿಕೊಂಡು ಕೂತ ಎಳೆಮಕ್ಕಳ ತಲೆಯ ಮೇಲೇ ಆ ಪೆಟ್ಟು. ಹೊರಗೆ ತಾಯಿ ಕೇಳಿಸಿಕೊಳ್ಳುತ್ತಿದ್ದಾಳೆ. ದೊಡ್ಡವನ ಹೆಸರು ಶಹಬಾಜ್. ಚಿಕ್ಕವನು ಹೈದರ್. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸ್ ಇದನ್ನು ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ನಾನಂತೂ ಆ ಪುಟವನ್ನು ಇವತ್ತಿಗೂ ಒಂದೇ ಉಸಿರಿಗೆ ಓದಲಾರೆ.

ಅವರನ್ನು ಬಿಡಿಸಿದ್ದು ಯಾರು? ಮೈಸೂರು ದೊರೆಗಳ ಸೇವೆಯಲ್ಲಿದ್ದ ಒಬ್ಬ ದಾಯಾದಿ ಅಣ್ಣ. ಅವನು ದಳವಾಯಿಗಳ ಕಿವಿಗೆ ಹಾಕಿದ, ಕುಟುಂಬ ಶ್ರೀರಂಗಪಟ್ಟಣ ಸೇರಿತು. ಮುಂದೆ ಶಹಬಾಜ್ ಅದೇ ಸೇನೆಯಲ್ಲಿ ಮೇಲೆ ಬಂದ. 200 ಕುದುರೆ, 1,000 ಕಾಲಾಳುಗಳ ಮುಖಂಡನಾದ. ತಮ್ಮನಿಗೆ ಮಾತ್ರ ಓದೂ ಇಲ್ಲ, ಪದವಿಯೂ ಇಲ್ಲ. ಬೇಟೆ, ಮೋಜು ಅಂತ ವಾರಗಟ್ಟಲೆ ಕಾಣೆಯಾಗುತ್ತಿದ್ದ. ಹತ್ತಿರಹತ್ತಿರ 27 ವರ್ಷದವರೆಗೂ ಹೀಗೇ.

1749. ಮೈಸೂರು ಸೇನೆ ದೇವನಹಳ್ಳಿಗೆ ಮುತ್ತಿಗೆ ಹಾಕಿತು. ಸೇನೆಯ ನಾಯಕ ಕರಾಚೂರಿ ನಂಜರಾಜಯ್ಯ, ಕಳಲೆ ಮನೆತನದವನು, ಕನ್ನಡದಲ್ಲಿ ಕೃತಿಗಳನ್ನು ಬರೆದವನು ಬೇರೆ. ಮುತ್ತಿಗೆ ತಿಂಗಳಾನುಗಟ್ಟಲೆ ನಡೆಯಿತು. ಒಳಗೆ ಆವತಿಯವರ ವಂಶದ ಪಾಳೆಯಗಾರ, ಹೊರಗೆ ಅಣ್ಣನ ತುಕಡಿಯ ಜೊತೆ ತನ್ನ ಖುಷಿಗೆ ಬಂದು ನಿಂತ ಹೈದರ್. ಎಲ್ಲಿ ಅಪಾಯವಿದೆಯೋ ಅಲ್ಲೇ ಅವನು, ಗುಂಡು ಹಾರುತ್ತಿದ್ದರೂ ಮುಖದಲ್ಲಿ ಗಾಬರಿಯಿಲ್ಲ. ನಂಜರಾಜಯ್ಯನ ಕಣ್ಣಿಗೆ ಬಿದ್ದ. ಕೋಟೆ ಬಿತ್ತು, ಪಾಳೆಯಗಾರ ಚಿಕ್ಕಬಳ್ಳಾಪುರದ ನೆಂಟರ ಬಳಿಗೆ ಹೋದ, ಹೈದರನಿಗೆ 50 ಕುದುರೆ, 200 ಕಾಲಾಳು ಸಿಕ್ಕಿತು. ಜೊತೆಗೆ ಕೋಟೆಯ ಒಂದು ಬಾಗಿಲಿನ ಕಾವಲು. ಮರುವರ್ಷ, 1750ರಲ್ಲಿ, ಅದೇ ಊರಲ್ಲಿ ಅವನಿಗೆ ಗಂಡುಮಗು ಹುಟ್ಟಿತು. ಅದೇ ಟಿಪ್ಪು.

ಮುಂದಿನ ಹನ್ನೆರಡು ವರ್ಷ ಓದುವಾಗ ನನಗೆ ಪ್ರತಿ ಸಲವೂ ಬೆರಗು. ಅಕ್ಷರ ಬಾರದವನು. ತನ್ನ ಹೆಸರಿನ ಮೊದಲಕ್ಷರ ಮಾತ್ರ ಗೀಚುವುದು ಕಲಿತ, ಅದೂ ತಲೆಕೆಳಗಾಗಿ. ಲೆಕ್ಕಪತ್ರ ನೋಡಿಕೊಳ್ಳಲು ಖಂಡೇರಾಯನನ್ನು ಇಟ್ಟುಕೊಂಡ. ಲೂಟಿಯಲ್ಲಿ ಎಷ್ಟು ಪಾಲು, ಎಷ್ಟು ಕುದುರೆ, ಯಾರಿಗೆ ಎಷ್ಟು ಸಂಬಳ, ಎಲ್ಲ ಬಾಯಿಲೆಕ್ಕ. 1761ರ ಹೊತ್ತಿಗೆ ಮೈಸೂರು ಅವನ ಮುಷ್ಟಿಯಲ್ಲಿತ್ತು. ಆದರೂ ಸಿಂಹಾಸನದ ಮೇಲೆ ಮಾತ್ರ ಕೂರಲಿಲ್ಲ. ಒಡೆಯರನ್ನು ಒಡೆಯರಾಗಿಯೇ ಇಟ್ಟು, ದಸರೆಗೆ ಅವರ ದರ್ಶನ ಮಾಡಿಸಿ, ಅಧಿಕಾರವನ್ನೆಲ್ಲ ತಾನು ನಡೆಸಿದ. ಹಳೆಯ ಮನೆತನದ ಗೌರವ ತನಗೆ ಹಣದಿಂದಾಗಲಿ ಕತ್ತಿಯಿಂದಾಗಲಿ ಬರುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ನಂಬಿಕೆ.

ನನಗೆ ನೋವಾಗುವುದು ಇಲ್ಲಿ. ತಿರುಗಿ ಬಿದ್ದ ಖಂಡೇರಾಯನನ್ನು ಹೈದರ್ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ತಿನ್ನಿಸಿದ. ಗಿಣಿಯ ಹಾಗೆ ಸಾಕುತ್ತೇನೆ ಅಂತ ಕೊಟ್ಟ ಮಾತನ್ನು ಹೀಗೆ ಉಳಿಸಿಕೊಂಡನಂತೆ. ತನಗೆ ದಾರಿ ತೆಗೆದ ನಂಜರಾಜಯ್ಯನನ್ನು ಸೆರೆಯಲ್ಲಿಟ್ಟ, ಅವನು ಅಲ್ಲೇ ಸತ್ತ. ಅಬ್ಬಾಸ್ ಖುಲಿ ಖಾನನೋ, ಹೈದರ್ ಬರುತ್ತಿದ್ದಾನೆ ಅಂದಕೂಡಲೇ ದೊಡ್ಡಬಳ್ಳಾಪುರ ಬಿಟ್ಟು ಮದ್ರಾಸಿನ ಕಡೆಗೆ ಓಟ ಕಿತ್ತ. ನಗಾರಿಯೊಳಗೆ ನರಳಿದ ಮಗುವೇ ಬೆಳೆದು ಇನ್ನೊಬ್ಬನನ್ನು ಪಂಜರದಲ್ಲಿ ಕೂರಿಸಿತಲ್ಲ ಅಂತ ಸಂಕಟವಾಗುತ್ತದೆ.

ಟಿಪ್ಪು ಸತ್ತ 1799ರ ನಂತರದ ಕಾಲವನ್ನು ಬೇಗ ದಾಟುತ್ತೇನೆ. ಕತ್ತಿ ಒರೆಗೆ ಹೋಯಿತು, ಕಂದಾಯದ ರಸೀದಿ ಮುಂದೆ ಬಂತು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ದೊಡ್ಡ ಸಂಗತಿಯೇ. ಆದರೆ ಸದಸ್ಯರು ಯಾರು? ಜಮೀನುದಾರರು, ವರ್ತಕರು, ಆಮೇಲೆ ಪದವಿ ಪಡೆದವರು. ಗೇಣಿಗೆ ಉತ್ತವನು ಅಲ್ಲಿ ಎಲ್ಲಿದ್ದ?

ನಂದಿಬೆಟ್ಟದ ಆಚೆ ಬದಿಯ ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯ ಆಸರೆಯಾದರು. ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು, ದಿವಾನರಾದರು. 1917ರಲ್ಲಿ ಬೆಂಗಳೂರಿನಲ್ಲಿ ಭಾರತೀಯರಿಗಾಗಿ ಸೆಂಚುರಿ ಕ್ಲಬ್ ಕಟ್ಟಿದ್ದೂ ಅವರೇ. ಆದರೆ 1918ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆ ಎದ್ದು ಮಿಲ್ಲರ್ ಸಮಿತಿ ನೇಮಕವಾದಾಗ, ಅರಮನೆಯ ಜೊತೆ ಒಮ್ಮತವಾಗದೆ ಅವರು ದಿವಾನಗಿರಿ ಬಿಟ್ಟರು. ಅರ್ಹತೆ ಅನ್ನುವುದು ಅವರ ಪಾಲಿಗೆ ಪ್ರಾಮಾಣಿಕ ನಂಬಿಕೆ. ಆದರೂ ನಾನು ಮಿಲ್ಲರ್ ಸಮಿತಿಯ ಕಡೆಗೇ ನಿಲ್ಲುತ್ತೇನೆ. ಸೋದರಮಾವನ ಮನೆ ಬೆಂಗಳೂರಿನಲ್ಲಿ ಇಲ್ಲದ ಹುಡುಗರು ನಮ್ಮ ಹಳ್ಳಿಗಳಲ್ಲಿ ಸಾವಿರಾರು ಇದ್ದರು. ಅವರಿಗೆ ಒಳಗಿಂದ ಹೂಂ ಅನ್ನುವವರು ಯಾರು? ಸರ್ಕಾರವೇ ಅನ್ನಬೇಕಾಯಿತು.

ಇನ್ನು ಈಗಿನ ಮಾತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿತು. ರಾಗಿ ಹೊಲ, ದ್ರಾಕ್ಷಿ ತೋಟಗಳಿಗೆ ಚಿನ್ನದ ಬೆಲೆ ಬಂತು. ನಮ್ಮ ಕುಂದಾಣ ಹೋಬಳಿಯಲ್ಲೇ ಜಿಲ್ಲಾಡಳಿತ ಭವನ ಎದ್ದಿತು, ವಿಲ್ಲಾಗಳು, ಗಾಲ್ಫ್ ಮೈದಾನ ಬಂದವು. ಜಮೀನು ಮಾರಿದವರ ಕೈಗೆ ದುಡ್ಡೂ ಬಂತು. ಆದರೆ ಬಡಾವಣೆಯ ಗೇಟಿನ ಮುಂದೆ ನಿಂತು ನೋಡಿ. ಸೆಕ್ಯೂರಿಟಿಯವರು ಪುಸ್ತಕದಲ್ಲಿ ಹೆಸರು, ಗಾಡಿ ನಂಬರು ಬರೆಸಿಕೊಳ್ಳುತ್ತಾರೆ, ಆಮೇಲೆ ಒಳಗಿನ ಮನೆಗೆ ಫೋನು. ಅಲ್ಲಿಂದ ಹೂಂ ಅಂದರೆ ಮಾತ್ರ ಕಂಬಿ ಮೇಲೇಳುತ್ತದೆ. ಆ ನೆಲದಲ್ಲಿ ಅಪ್ಪನ ಜೊತೆ ಕಳೆ ಕಿತ್ತವರೂ ಹಾಗೇ ಕಾಯಬೇಕು. ಒಮ್ಮೆ ಬಂದ ದುಡ್ಡು ಮನೆ ಕಟ್ಟಿಸಿತು, ಕಾರು ಕೊಡಿಸಿತು, ಮದುವೆ ಮಾಡಿಸಿತು. ಒಳಗಿನವರ ಪರಿಚಯ ಮಾತ್ರ ಕೊಡಿಸಲಿಲ್ಲ. ಅದು ನನ್ನನ್ನು ಕೊರೆಯುತ್ತಲೇ ಇದೆ.

ಇನ್ನೊಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ನಮ್ಮದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಕೈಗಾರಿಕೆಗೆ ಭೂಮಿ ಕೊಡುವುದಿಲ್ಲ ಅಂತ 2022ರಲ್ಲಿ ಧರಣಿ ಕೂತರು. ಬಿಸಿಲು, ಮಳೆ, ಬಂಧನ, ಚುನಾವಣೆ, ಸರ್ಕಾರ ಬದಲಾದದ್ದು, ಎಲ್ಲ ಕಂಡರು. ಕಲಾವಿದರು, ಬರಹಗಾರರು ಜೊತೆಗೆ ಬಂದು ನಿಂತರು, ಆದರೆ ಪಟ್ಟು ಹಿಡಿದದ್ದು ಆ ಹಳ್ಳಿಗಳ ಗಂಡಸರು ಹೆಂಗಸರೇ. ಮೂರು ವರ್ಷ ಕಳೆದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರನ್ನೇ ವಿಧಾನಸೌಧಕ್ಕೆ ಕರೆಸಿ ಕೂರಿಸಿಕೊಂಡು ಮಾತಾಡಿದರು. ಆಮೇಲೆ 1,777 ಎಕರೆಯ ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಪ್ರಕಟಿಸಿದರು. ಮಾರನೆಯ ಬೆಳಿಗ್ಗೆ ಅವರ ಹೊಲ ಅವರದೇ ಆಗಿತ್ತು.