ಹಳಿಯ ಪಕ್ಕದ ಕಾಲುದಾರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ವಿಜ್ಞಾನದ ಕೊಠಡಿಯಲ್ಲಿ ಇಟ್ಟಿರುವ ಪುಟ್ಟ ರೈಲನ್ನು ನೀವೆಲ್ಲ ನೋಡಿ ಬಂದಿದ್ದೀರಿ. ಅದು ನಮ್ಮೂರಿನ ಹಳೆಯ ಮೀಟರ್‌ಗೇಜ್ ನಿಲ್ದಾಣದ ಮಾದರಿ. ಅಳತೆ 1:87. ಅಲ್ಲಿ ಐದೂವರೆ ಅಡಿಯ ಮನುಷ್ಯ ಎರಡು ಸೆಂಟಿಮೀಟರಿಗಿಂತ ಕಡಿಮೆ.

ನಾನು ಮೊದಲು ಮಾಡಿದ್ದು ಹೀಗಿರಲಿಲ್ಲ. ಹಳಿಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು, ಸುತ್ತಲೂ ಅಚ್ಚ ಹಸಿರು ಹುಲ್ಲು. ನನ್ನ ತಾಯಿ ಬಹಳ ಹೊತ್ತು ನೋಡಿ, "ಲೈನೇನೋ ಚೆನ್ನಾಗೈತೆ ಕಣಪ್ಪ. ನಿಮ್ಮಪ್ಪ ನಡೀತಿದ್ದ ದಾರಿ ಎಲ್ಲಿ?" ಎಂದರು.

ನನ್ನ ತಂದೆ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರು. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಜೊತೆಗೆ ಕೆಂಪು-ಹಸಿರು ಬಾವುಟ. ದಿನವೂ ಲೈನಿನ ಉದ್ದಕ್ಕೂ ನಡೆದು, ಸಡಿಲವಾದ ಕೀಗಳನ್ನು ಬಡಿದು ಬಿಗಿ ಮಾಡುವುದು ಅವರ ಕೆಲಸ. ಅಂಥವರ ಹೆಜ್ಜೆಯಿಂದಲೇ ಜಲ್ಲಿಯ ಪಕ್ಕದಲ್ಲಿ ಕಾಲುದಾರಿ ಸವೆದಿತ್ತು. ಆ ಸಂಬಳದಲ್ಲಿ ಓದಿದ ನಾನು ಅದನ್ನೇ ಮರೆತಿದ್ದೆ.

ಎಲ್ಲ ಕಿತ್ತು ಮತ್ತೆ ಮಾಡಿದೆ. ಹಳಿಯ ಪಕ್ಕಗಳಿಗೆ ತುಕ್ಕಿನ ಬಣ್ಣ ಹಚ್ಚಿ, ಮೇಲ್ಭಾಗವನ್ನು ಮಾತ್ರ ಒರೆಸಿದೆ. ಚಕ್ರ ಉಜ್ಜುವುದು ಅಲ್ಲಿ ತಾನೇ? ಐದು ಸೆಂಟಿಮೀಟರ್ ಜಲ್ಲಿ ಈ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡದು. ಕ್ರಷರಿನ ಕಲ್ಲುಪುಡಿಯನ್ನು ಚಹಾ ಜರಡಿಯಲ್ಲಿ ಸೋಸಿ ಹರಡಿದೆ. ಮೊದಲು ನೀರು ಚಿಮುಕಿಸಿ, ಆಮೇಲೆ ನೀರು ಬೆರೆಸಿದ ಅಂಟನ್ನು ಡ್ರಾಪರಿನಿಂದ ಬಿಟ್ಟೆ. ಅಂಟಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪಿನ ದ್ರವ ಸೇರಿಸಿದರೆ ಅದು ಮೇಲೆ ಹನಿಯಾಗಿ ನಿಲ್ಲದೆ ಒಳಗೆ ಇಳಿಯುತ್ತದೆ. ಎಂಜಿನ್ ನಿಲ್ಲುವ ಜಾಗದಲ್ಲಿ ಎಣ್ಣೆಯ ಕಪ್ಪು ಕಲೆ, ಗೇಟಿಗೆ ಮುಂಚೆ ಹಳದಿ ಸೀಟಿ ಫಲಕ, ನಿಲ್ದಾಣದ ಗೋಡೆಗೆ ಕೆಂಪು ಬಕೆಟ್ಟುಗಳು, ಬೇಲಿಯ ಬುಡದಲ್ಲಿ ತೆಂಗಿನ ನಾರಿನ ಒಣಹುಲ್ಲು. ಕೊನೆಗೆ ಸೋಸಿದ ಕೆಮ್ಮಣ್ಣನ್ನು ಬೆರಳಿನಿಂದ ಒತ್ತಿ ಕಾಲುದಾರಿ ಮಾಡಿ, ಅದರ ಮೇಲೆ ಸುತ್ತಿಗೆ ಹೊತ್ತ ಒಬ್ಬನನ್ನು ನಿಲ್ಲಿಸಿದೆ.

ಅಮ್ಮ ಈ ಸಲ ಏನೂ ಹೇಳಲಿಲ್ಲ. ಆ ದಾರಿಯ ಮೇಲೆ ಬೆರಳಾಡಿಸಿದರು, ಅಷ್ಟೆ.

ಮಕ್ಕಳೇ, ಮಾದರಿ ಮಾಡುವ ಮುನ್ನ ಕಣ್ಣಾರೆ ನೋಡಿ. ಹಳಿಯ ಮೇಲೆ ಹೋಗಬೇಡಿ, ಪ್ಲಾಟ್‌ಫಾರಂ ಮೇಲೆ ನಿಂತು ನೋಡಿ. ಎಲ್ಲಿ ಸವೆದಿದೆ, ಯಾರಿಂದ ಸವೆದಿದೆ ಎಂದು ಕೇಳಿಕೊಳ್ಳಿ.

ಈ ಮಾದರಿ ಇನ್ನು ನಮ್ಮ ಶಾಲೆಯದು. ಧೂಳು ಬಿದ್ದರೆ ಒರೆಸಿ, ಬಣ್ಣ ಹೋದರೆ ಹಚ್ಚಿ. ಆ ಕಾಲುದಾರಿಯ ಮೇಲೆ ಮಾತ್ರ ಹುಲ್ಲು ಅಂಟಿಸಬೇಡಿ.